ಕಳೆದ ಚರ್ಮ, ಉಳಿದ ಕಾಲು



ಕುಳಿತಲ್ಲಿಯೇ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಮೊಣಕಾಲಿನ ಕೆಳಗೆ, ಕಾಲಿನ ಮುಂಭಾಗದಲ್ಲಿ ಬೆರಳಾಡಿಸಿ. ಚರ್ಮದ ಅಡಿಯಲ್ಲೇ ಗಟ್ಟಿಯಾದ ಮೂಳೆ ಸಿಗುತ್ತದೆ. ಈಗ ಅದೇ ಕೈಯನ್ನು ಹಿಂದಕ್ಕೆ ಒಯ್ದು ಮೀನಖಂಡವನ್ನು ಹಿಡಿಯಿರಿ. ಅಲ್ಲಿ ದಪ್ಪನಾದ ಮಾಂಸಖಂಡವಿದೆ. ಇನ್ನೂ ಕೆಳಕ್ಕೆ, ಪಾದದ ಗಿಣ್ಣಿನ ಹತ್ತಿರ ಬಂದರೆ ಮತ್ತೆ ಚರ್ಮ, ಮೂಳೆ, ಹುರಿಯಂತಹ ಸ್ನಾಯುರಜ್ಜು, ಇಷ್ಟೇ. ಈ ಮೂರು ಸ್ಪರ್ಶಗಳನ್ನು ನೆನಪಿನಲ್ಲಿಡಿ. ಇಂದಿನ ವಿಷಯದ ಅರ್ಧಭಾಗ ಅವುಗಳಲ್ಲಿಯೇ ಇದೆ.

ವಿಷಯ ಇದು: ತೀವ್ರವಾದ ಸೋಂಕು ತಗಲಿ ಕಾಲಿನ ಚರ್ಮ ಮತ್ತು ಅದರ ಕೆಳಗಿನ ಮೃದು ಅಂಗಾಂಶ ನಾಶವಾದಾಗ, ಆ ಕಾಲನ್ನು ಮತ್ತೆ ಕಟ್ಟುವುದು ಹೇಗೆ? ನಾನು ವೈದ್ಯನಲ್ಲ, ವಿಜ್ಞಾನದ ಪದವಿ ಪಡೆದು ದೂರದರ್ಶನದ ಕಾರ್ಯಕ್ರಮಗಳನ್ನು ರೂಪಿಸುವವನು. ಶಸ್ತ್ರವೈದ್ಯರು ಮಾಡುವುದನ್ನು ನಿಮ್ಮ ಭೌತಶಾಸ್ತ್ರ ಮತ್ತು ಜೀವಶಾಸ್ತ್ರದ ಪಾಠಗಳ ಬೆಳಕಿನಲ್ಲಿ ವಿವರಿಸುವುದಷ್ಟೇ ನನ್ನ ಕೆಲಸ.

ಸೋಂಕು ಓಡುವ ದಾರಿ

ಚರ್ಮದ ಕೆಳಗೆ ಕೊಬ್ಬಿನ ಪದರವಿದೆ. ಅದರ ಕೆಳಗೆ ಮಾಂಸಖಂಡಗಳನ್ನು ಬಿಗಿಯಾಗಿ ಸುತ್ತಿರುವ ಬಿಳಿಯ ಪೊರೆಯೊಂದಿದೆ. ಇದಕ್ಕೆ ವೈದ್ಯರು ‘ಫ್ಯಾಸಿಯಾ’ ಎನ್ನುತ್ತಾರೆ. ಕೋಳಿಮಾಂಸ ಹಚ್ಚುವಾಗ ಮಾಂಸದ ಮೇಲೆ ಹೊಳೆಯುವ ತೆಳುವಾದ ಪೊರೆ ಕಾಣುತ್ತದಲ್ಲವೇ, ಅದೇ ಜಾತಿಯದು. ಈ ಪೊರೆಗೆ ಸ್ವಂತ ರಕ್ತಪೂರೈಕೆ ಕಡಿಮೆ. ರಕ್ತ ಕಡಿಮೆ ಇರುವಲ್ಲಿ ಬಿಳಿ ರಕ್ತಕಣಗಳ ಕಾವಲೂ ಕಡಿಮೆ. ಕೆಲವು ಬಗೆಯ ಬ್ಯಾಕ್ಟೀರಿಯಾಗಳು ಇಲ್ಲಿಗೆ ತಲುಪಿದರೆ ಪೊರೆಯ ಮೇಲೆಯೇ ಬಹುಬೇಗ ಹರಡುತ್ತವೆ. ಮೇಲಿನ ಚರ್ಮಕ್ಕೆ ರಕ್ತ ಒಯ್ಯುವ ಸಣ್ಣ ಸಣ್ಣ ನಾಳಗಳು ಈ ಪೊರೆಯನ್ನು ಹಾದೇ ಮೇಲೇರಬೇಕು. ಸೋಂಕಿನಿಂದ ಆ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿದಾಗ ಮೇಲಿನ ಚರ್ಮ ನೀರಿಲ್ಲದ ಗದ್ದೆಯಂತೆ ಸಾಯತೊಡಗುತ್ತದೆ. 

ಈ ರೋಗಕ್ಕೆ ಈಗಿನ ಹೆಸರು ‘ನೆಕ್ರೋಟೈಸಿಂಗ್ ಫ್ಯಾಸೈಟಿಸ್’, ಅಂದರೆ ಪೊರೆಯನ್ನು ಕೊಳೆಸುವ ಉರಿಯೂತ. ಹೆಸರು ಬಂದದ್ದು 1952ರಲ್ಲಿ, ರೋಗ ಹಳೆಯದು. ಅಮೆರಿಕದ ಅಂತರ್ಯುದ್ಧದ ಕಾಲದ ಆಸ್ಪತ್ರೆಗಳಲ್ಲಿ ಇಂತಹ ಎರಡೂವರೆ ಸಾವಿರಕ್ಕೂ ಹೆಚ್ಚು ಪ್ರಕರಣಗಳನ್ನು ಜೋಸೆಫ್ ಜೋನ್ಸ್ ಎಂಬ ವೈದ್ಯ 1871ರಲ್ಲಿ ದಾಖಲಿಸಿದ. ಅವರಲ್ಲಿ ಅರ್ಧಕ್ಕೆ ಹತ್ತಿರ ಮಂದಿ ತೀರಿಕೊಂಡಿದ್ದರು. ಚೀನಾದ ಬೀಜಿಂಗಿನಲ್ಲಿದ್ದ ಫ್ರಾಂಕ್ ಮೆಲೆನಿ 1924ರಲ್ಲಿ ಇಪ್ಪತ್ತು ರೋಗಿಗಳನ್ನು ಅಭ್ಯಸಿಸಿ, ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದ ಪಾತ್ರವನ್ನು ತೋರಿಸಿಕೊಟ್ಟ. ಪೆನಿಸಿಲಿನ್ ಇನ್ನೂ ಪತ್ತೆಯಾಗಿರಲಿಲ್ಲ. ಆತನ ಕೈಯಲ್ಲಿದ್ದ ಮುಖ್ಯ ಔಷಧ ಕತ್ತಿಯೇ. ಇಂದು ಪ್ರಬಲವಾದ ಆಂಟಿಬಯಾಟಿಕ್‌ಗಳಿವೆ; ಆದರೂ ಕತ್ತಿ ಮೊದಲ ಸ್ಥಾನವನ್ನು ಬಿಟ್ಟುಕೊಟ್ಟಿಲ್ಲ. ಕಾರಣ ಸರಳ. ಚುಚ್ಚುಮದ್ದಿನ ಔಷಧ ಗಾಯದವರೆಗೆ ಹೋಗುವುದು ರಕ್ತದ ಮೂಲಕ. ಸತ್ತ ಅಂಗಾಂಶದಲ್ಲಿ ರಕ್ತ ಹರಿಯುವುದಿಲ್ಲ. ಹರಿಯದ ಕಾಲುವೆಗೆ ಔಷಧ ಹಾಕಿದರೆ ಬೆಳೆಗೆ ಮುಟ್ಟೀತೇ?

ಒಂದು ಉದಾಹರಣೆ ಇಟ್ಟುಕೊಳ್ಳೋಣ. ನಾನು ವಾಸಿಸುವ ಜೋಗುಪಾಳ್ಯದಂತಹ ಕಡೆ ತರಕಾರಿ ಗಾಡಿ ತಳ್ಳುವ ಒಬ್ಬರನ್ನು ಕಲ್ಪಿಸಿಕೊಳ್ಳಿ. ವಯಸ್ಸು ಐವತ್ತರ ಆಸುಪಾಸು. ಸಕ್ಕರೆ ಕಾಯಿಲೆ ಇದೆ. ಬೆಳಗಿನ ಜಾವ ಮಾರುಕಟ್ಟೆ, ಹಗಲೆಲ್ಲ ಹಲಸೂರು, ಕೇಂಬ್ರಿಜ್ ಲೇಔಟ್, ಇಂದಿರಾನಗರದ ರಸ್ತೆಗಳು. ಚಪ್ಪಲಿ ಕಚ್ಚಿ ಕಾಲಿನಲ್ಲಿ ಗುಳ್ಳೆಯೆದ್ದು ಒಡೆಯಿತು. ಸೋಮವಾರ ಕಾಲು ಸ್ವಲ್ಪ ಊದಿತು. ಮಂಗಳವಾರ ಅರಿಸಿನ ಹಚ್ಚಿ ಬಟ್ಟೆ ಕಟ್ಟಿಕೊಂಡು ಗಾಡಿ ತಳ್ಳಿದರು. ರಾತ್ರಿ ಜ್ವರ, ನಿದ್ರೆ ಬಾರದಷ್ಟು ನೋವು. ಬುಧವಾರ ಚರ್ಮ ನೇರಳೆ ಬಣ್ಣಕ್ಕೆ ತಿರುಗಿ ಅಲ್ಲಲ್ಲಿ ನೀರುಗುಳ್ಳೆ ಎದ್ದವು. ಆದರೆ ನೋವು ಕಡಿಮೆಯಾಯಿತು. ಮನೆಯವರು ‘ಸದ್ಯ, ಇಳಿಮುಖವಾಯಿತು’ ಎಂದುಕೊಂಡರು.

ಇಲ್ಲಿಯೇ ಎಚ್ಚರ ಬೇಕು. ನೋವು ಕಡಿಮೆಯಾದದ್ದು ಆ ಭಾಗದ ನರಗಳು ಸತ್ತದ್ದರಿಂದ. ಸಕ್ಕರೆ ಕಾಯಿಲೆ ಹಳೆಯದಾಗಿ ಪಾದದ ಸಂವೇದನೆಯೇ ಕುಂದಿದ್ದರೆ ಮೊದಲಿನಿಂದಲೂ ನೋವು ಕಾಣದಿರಬಹುದು. ಹೊರಗೆ ಕಾಣುವ ಗಾಯಕ್ಕೆ ಹೊಂದದಷ್ಟು ವಿಪರೀತ ನೋವು, ಗಂಟೆಗಂಟೆಗೆ ಏರುವ ಊತ, ಬಿಗಿದು ಹೊಳೆಯುವ ಚರ್ಮ, ನೇರಳೆ ಅಥವಾ ಕಪ್ಪು ಮಚ್ಚೆ, ಒತ್ತಿದರೆ ಚರ್ಮದಡಿಯಲ್ಲಿ ಚರಚರ ಎನ್ನುವುದು, ಜ್ವರದೊಂದಿಗೆ ತಡಬಡಿಸುವ ಮಾತು - ಇವುಗಳಲ್ಲಿ ಯಾವುದನ್ನು ಕಂಡರೂ ಅಂದೇ, ಆ ಗಂಟೆಯೇ ಆಸ್ಪತ್ರೆಗೆ ಹೊರಡಬೇಕು.

ಜೋಗುಪಾಳ್ಯದಿಂದ ಶಿವಾಜಿನಗರದ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆ ಕೆಲವೇ ಕಿಲೋಮೀಟರ್ ದೂರ. ಆಟೋದಲ್ಲಿ ಬಹಳ ಹೊತ್ತು ಬೇಕಿಲ್ಲ. ನಮ್ಮ ಉದಾಹರಣೆಯ ಸಂಸಾರ ಆ ದೂರವನ್ನು ದಾಟಲು ಎರಡು ಹಗಲು, ಎರಡು ರಾತ್ರಿ ತೆಗೆದುಕೊಂಡಿತು. ತಡವಾದದ್ದು ರಸ್ತೆಯಲ್ಲಿ ಅಲ್ಲ, ಮನೆಯೊಳಗೆ. ಒಂದು ದಿನದ ದುಡಿಮೆ ತಪ್ಪಿದರೆ ಮರುದಿನದ ಬಂಡವಾಳವಿಲ್ಲ ಎಂಬ ಲೆಕ್ಕಾಚಾರ ಅವರನ್ನು ತಡೆಯಿತು. ಆ ಲೆಕ್ಕಾಚಾರವನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಕಳೆದ ಪ್ರತಿಯೊಂದು ಗಂಟೆಗೂ ಕಾಲಿನ ಮೇಲೆ ಇನ್ನಷ್ಟು ಚರ್ಮದ ಬೆಲೆ ತೆರಬೇಕಾಗುತ್ತದೆ.

ಕಟ್ಟುವ ಮೊದಲು ಕೆಡವುವುದು

ಮೊದಲ ಶಸ್ತ್ರಚಿಕಿತ್ಸೆಯ ಉದ್ದೇಶ ಜೀವ ಉಳಿಸುವುದು. ಸತ್ತ ಪೊರೆ, ಕೊಬ್ಬು, ಚರ್ಮ ಎಲ್ಲವನ್ನೂ ರಕ್ತ ಜಿನುಗುವ ಆರೋಗ್ಯವಂತ ಅಂಚು ಸಿಗುವವರೆಗೆ ಕತ್ತರಿಸಿ ತೆಗೆಯುತ್ತಾರೆ. ಅರೆಮನಸ್ಸಿನಿಂದ ಸ್ವಲ್ಪ ಉಳಿಸಿದರೆ ಸೋಂಕು ಅಲ್ಲಿಂದಲೇ ಮತ್ತೆ ಹೊರಡುತ್ತದೆ. ಆದ್ದರಿಂದ ಒಂದೆರಡು ದಿನಗಳೊಳಗೆ ರೋಗಿಯನ್ನು ಮತ್ತೆ ಶಸ್ತ್ರಚಿಕಿತ್ಸಾ ಕೊಠಡಿಗೆ ಒಯ್ದು ಗಾಯವನ್ನು ತೆರೆದು ನೋಡುವುದುಂಟು. ಎರಡು, ಮೂರು ಸಲವೂ ಆಗಬಹುದು. 

ಎಷ್ಟು ಚರ್ಮ ಹೋಗಬಹುದು? ಲೆಕ್ಕ ಹಾಕಿ. ವಯಸ್ಕನ ಮೈಮೇಲಿನ ಒಟ್ಟು ಚರ್ಮ ಸುಮಾರು 1.7 ಚದರ ಮೀಟರ್. ತೊಡೆಯಿಂದ ಪಾದದವರೆಗಿನ ಒಂದು ಕಾಲಿನ ಪಾಲು ನೂರಕ್ಕೆ 18. ಅಂದರೆ ಸುಮಾರು 0.3 ಚದರ ಮೀಟರ್, ಅಥವಾ 3,000 ಚದರ ಸೆಂಟಿಮೀಟರ್. ಬೆರಳುಗಳೂ ಸೇರಿದಂತೆ ನಿಮ್ಮ ಅಂಗೈ ಸುಮಾರು ನೂರಕ್ಕೆ ಒಂದರಷ್ಟು. ಕಾಲಿನ ಅರ್ಧ ಚರ್ಮ ಹೋಯಿತೆಂದರೆ ಒಂಬತ್ತು ಅಂಗೈಗಳಷ್ಟು ಬಯಲು ಗಾಯ. ಅಲ್ಲಿಂದ ನೀರು, ಉಪ್ಪು, ಪ್ರೋಟೀನು ಸೋರಿಹೋಗುತ್ತಲೇ ಇರುತ್ತವೆ. ಈ ಅವಧಿಯಲ್ಲಿ ರೋಗಿಗೆ ಮೊಟ್ಟೆ, ಬೇಳೆ, ಹಾಲು ಔಷಧದಷ್ಟೇ ಮುಖ್ಯ. ಸಕ್ಕರೆಯ ಅಂಶ ಹತೋಟಿಯಲ್ಲಿರಲೇಬೇಕು.

ಗಾಯ ಶುದ್ಧವಾದ ಮೇಲೆ ಅದನ್ನು ಹದಗೊಳಿಸುವ ಹಂತ. ಇದಕ್ಕೆ ಒಂದು ಸೊಗಸಾದ ಭೌತಶಾಸ್ತ್ರದ ಉಪಾಯವಿದೆ. ಗಾಯದ ಮೇಲೆ ಸ್ಪಂಜಿನಂತಹ ಫೋಮ್ ಇಟ್ಟು, ಗಾಳಿಯಾಡದಂತೆ ತೆಳುವಾದ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಕೊಳವೆಯ ಮೂಲಕ ಗಾಳಿ ಹೀರುತ್ತಾರೆ. ಹೊರಗಿನ ವಾಯುಭಾರಕ್ಕಿಂತ ಒಳಗಿನ ಒತ್ತಡವನ್ನು ಸಾಮಾನ್ಯವಾಗಿ ಪಾದರಸದ 125 ಮಿಲಿಮೀಟರಿನಷ್ಟು ಇಳಿಸಲಾಗುತ್ತದೆ. ಕೊಳೆನೀರು ಹೀರಿಹೋಗುತ್ತದೆ, ಊತ ಇಳಿಯುತ್ತದೆ, ಹೊಸ ಲೋಮನಾಳಗಳು ಚಿಗುರುತ್ತವೆ. ಅಮೆರಿಕದ ಅರ್ಜೆಂಟಾ ಮತ್ತು ಮೋರಿಕ್ವಾಸ್ 1997ರಲ್ಲಿ ಈ ವಿಧಾನವನ್ನು ಪ್ರಕಟಿಸಿದ ಮೇಲೆ ಅದು ಜಗತ್ತಿನೆಲ್ಲೆಡೆ ಹರಡಿತು. ಕೆಲವು ದಿನಗಳಲ್ಲಿ ಗಾಯದ ತಳ ದಾಳಿಂಬೆ ಕಾಳಿನಂತೆ ಕೆಂಪಾಗಿ, ಸಣ್ಣ ಹರಳುಗಳಂತೆ ಕಂಡರೆ ನೆಲ ಹದವಾಯಿತು ಎಂದರ್ಥ. 

ಕಸಿ: ತಳದಲ್ಲಿ ರಕ್ತವಿದ್ದರೆ

ಇನ್ನು ಹೊದಿಕೆ ಹಾಕಬೇಕು. ಶಸ್ತ್ರವೈದ್ಯರು ಗಾಯದ ಮುಂದೆ ನಿಂತು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ತಳದಲ್ಲಿ ರಕ್ತವಿದೆಯೇ? ಉತ್ತರ ‘ಇದೆ’ ಎಂದಾದರೆ ಚರ್ಮದ ಕಸಿ ಸಾಕು. ಈ ರೋಗದಲ್ಲಿ ಪೊರೆ ಹೋದರೂ ಅದರ ಕೆಳಗಿನ ಮಾಂಸಖಂಡ ಬಹುಪಾಲು ಉಳಿದಿರುತ್ತದೆ. ಮಾಂಸಖಂಡದಲ್ಲಿ ರಕ್ತ ಧಾರಾಳ. ಆದ್ದರಿಂದ ಬಹಳಷ್ಟು ಕಾಲುಗಳು ಕಸಿಯಿಂದಲೇ ಮುಚ್ಚಿಕೊಳ್ಳುತ್ತವೆ.

1869ರಲ್ಲಿ ಪ್ಯಾರಿಸ್ಸಿನ ಆಸ್ಪತ್ರೆಯೊಂದರಲ್ಲಿ ತರಬೇತಿಯಲ್ಲಿದ್ದ ಝಾಕ್ ಲೂಯಿ ರೆವರ್ಡಿನ್ ಎಂಬ 27 ವರ್ಷದ ಯುವಕ, ಚರ್ಮದ ಚಿಕ್ಕ ಚಿಕ್ಕ ಚೂರುಗಳನ್ನು ಗಾಯದ ಮೇಲೆ ಇಟ್ಟರೆ ಅವು ಬದುಕುತ್ತವೆ ಎಂದು ತೋರಿಸಿದ. ಇಂದು ಸಾಮಾನ್ಯವಾಗಿ ರೋಗಿಯ ತೊಡೆಯಿಂದಲೇ ಚರ್ಮದ ಮೇಲುಪದರವನ್ನು ಕಾಗದದಂತೆ ತೆಳುವಾಗಿ ಎಬ್ಬಿಸುತ್ತಾರೆ. ದಪ್ಪ ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು. ನಮ್ಮ ಎಷ್ಟೋ ಆಸ್ಪತ್ರೆಗಳಲ್ಲಿ ಇದಕ್ಕೆ ‘ಹಂಬಿ ಚಾಕು’ ಎಂಬ ಉದ್ದ ಅಲಗಿನ ಉಪಕರಣವನ್ನು ಬಳಸುತ್ತಾರೆ. ವಿದ್ಯುತ್ ಯಂತ್ರಗಳೂ ಇವೆ. ಚರ್ಮ ತೆಗೆದ ಜಾಗದಲ್ಲಿ ಕೂದಲಿನ ಬೇರು ಮತ್ತು ಬೆವರುಗ್ರಂಥಿಗಳ ಜೀವಕೋಶಗಳು ಉಳಿದಿರುವುದರಿಂದ ಅದು ಸುಮಾರು ಎರಡು ವಾರಗಳಲ್ಲಿ ತಾನಾಗಿಯೇ ಮಾಯುತ್ತದೆ.

ಗಾಯ ದೊಡ್ಡದು, ತೆಗೆದ ಚರ್ಮ ಚಿಕ್ಕದು ಎಂದಾಗ ಏನು ಮಾಡುವುದು? ಆ ಚರ್ಮದಲ್ಲಿ ಸಾಲುಸಾಲಾಗಿ ಸಣ್ಣ ಸೀಳುಗಳನ್ನು ಹಾಕಿ ಬಲೆಯಂತೆ ಹಿಗ್ಗಿಸುತ್ತಾರೆ. ಒಂದೂವರೆ ಪಟ್ಟು, ಕೆಲವೊಮ್ಮೆ ಮೂರು ಪಟ್ಟು ಜಾಗಕ್ಕೆ ಅದು ಸಾಕಾಗುತ್ತದೆ. ಬಲೆಯ ಕಣ್ಣುಗಳ ಮೂಲಕ ಕೆಳಗಿನ ನೀರು ಹೊರಬರುವುದು ಇನ್ನೊಂದು ಲಾಭ. ಕಣ್ಣುಗಳನ್ನು ಚರ್ಮವೇ ಅಂಚಿನಿಂದ ಬೆಳೆದು ತುಂಬುತ್ತದೆ.

ಕಸಿ ಬದುಕುವ ಬಗೆಯನ್ನು ನೋಡಿ. ಮೊದಲ ಎರಡು ದಿನ ಅದಕ್ಕೆ ರಕ್ತವೇ ಇಲ್ಲ. ತಳದಿಂದ ಒಸರುವ ದ್ರವವನ್ನು ಬತ್ತಿ ಎಣ್ಣೆ ಹೀರುವಂತೆ ಹೀರಿಕೊಂಡು ಜೀವ ಹಿಡಿದಿರುತ್ತದೆ. ಎರಡು, ಮೂರನೆಯ ದಿನ ತಳದ ಲೋಮನಾಳಗಳ ತುದಿ ಕಸಿಯ ಲೋಮನಾಳಗಳ ತುದಿಗೆ ಕೂಡಿಕೊಳ್ಳುತ್ತದೆ. ನಾಲ್ಕೈದನೆಯ ದಿನಕ್ಕೆ ರಕ್ತಸಂಚಾರ ನೆಲೆಗೊಳ್ಳುತ್ತದೆ. ಈ ಮಧ್ಯೆ ಕೆಳಗೆ ಒಂದು ಹನಿ ರಕ್ತ ಗಂಟುಕಟ್ಟಿದರೂ, ಕಾಲು ಅಲುಗಿ ಕಸಿ ಸರಿದರೂ ಆ ಭಾಗ ಸಾಯುತ್ತದೆ. ‘ಕಟ್ಟು ಬಿಚ್ಚಬೇಡಿ, ಕಾಲು ಅಲುಗಿಸಬೇಡಿ’ ಎಂದು ದಾದಿಯರು ಗದರುವುದರ ಹಿಂದೆ ಇಷ್ಟೆಲ್ಲ ಜೀವಶಾಸ್ತ್ರವಿದೆ.

ಬಳ್ಳಿಯನ್ನು ಬೇರುಸಹಿತ ಬಾಗಿಸುವುದು

ಈಗ ನಿಮ್ಮ ಮೊದಲ ಸ್ಪರ್ಶ ನೆನಪಿಸಿಕೊಳ್ಳಿ. ಕಾಲಿನ ಮುಂಭಾಗದಲ್ಲಿ ಚರ್ಮ ಹೋದರೆ ಕೆಳಗೆ ಉಳಿಯುವುದು ಮೂಳೆ. ಮೂಳೆಯ ಮೇಲಿನ ತೆಳುಪೊರೆ ಉಳಿದಿದ್ದರೆ ಕಸಿ ಅಂಟೀತು. ಅದೂ ಹೋಗಿ ಬರಿಯ ಮೂಳೆ ಅಥವಾ ಬರಿಯ ಸ್ನಾಯುರಜ್ಜು ಕಂಡರೆ ಕಸಿಗೆ ಹೀರಲು ಏನೂ ಇಲ್ಲ. ಕಲ್ಲಿನ ಮೇಲೆ ಗರಿಕೆ ಹಾಸಿದಂತಾಗುತ್ತದೆ. ಅಲ್ಲಿಗೆ ತನ್ನ ರಕ್ತವನ್ನು ತಾನೇ ಹೊತ್ತು ತರುವ ಹೊದಿಕೆ ಬೇಕು. ಇದಕ್ಕೆ ‘ಫ್ಲ್ಯಾಪ್’ ಎನ್ನುತ್ತಾರೆ. ಕುಂಡದಲ್ಲಿ ಬೇರು ಬಿಟ್ಟ ಮಲ್ಲಿಗೆ ಬಳ್ಳಿಯನ್ನು ಕೀಳದೆ, ಪಕ್ಕದ ಗೋಡೆಯ ಮೇಲಕ್ಕೆ ಬಾಗಿಸಿ ಹಬ್ಬಿಸುತ್ತೇವಲ್ಲವೇ? ಹಾಗೆಯೇ ಇದು. ಬೇರು ಇದ್ದಲ್ಲೇ ಇರುತ್ತದೆ, ಎಲೆ ಮಾತ್ರ ಸ್ಥಳ ಬದಲಿಸುತ್ತದೆ.

ಈ ತತ್ತ್ವ ಪಶ್ಚಿಮಕ್ಕೆ ಪರಿಚಯವಾದ ಕಥೆಗೂ ನಮ್ಮ ನಾಡಿಗೂ ನಂಟಿದೆ. ಲಾರ್ಡ್ ಕಾರ್ನ್‌ವಾಲಿಸ್ 1791ರಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿದ ಮೂರನೆಯ ಮೈಸೂರು ಯುದ್ಧ ನಿಮಗೆ ಇತಿಹಾಸದ ಪಾಠದಿಂದ ಗೊತ್ತು. ಆ ಯುದ್ಧದಲ್ಲಿ ಬ್ರಿಟಿಷ್ ಸೈನ್ಯದ ಎತ್ತಿನ ಗಾಡಿಗಳನ್ನು ಹೊಡೆಯುತ್ತಿದ್ದ ಕವಾಸ್‌ಜಿ ಎಂಬಾತ ಟಿಪ್ಪುವಿನ ಪಡೆಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಮುಂದೆ ಪುಣೆಯಲ್ಲಿ ಒಬ್ಬ ಸ್ಥಳೀಯ ಚಿಕಿತ್ಸಕ ಆತನ ಹಣೆಯ ಚರ್ಮವನ್ನು ಎಬ್ಬಿಸಿ, ಕೆಳಕ್ಕೆ ತಿರುಗಿಸಿ ಹೊಸ ಮೂಗು ಕಟ್ಟಿಕೊಟ್ಟ. ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ 1794ರ ಅಕ್ಟೋಬರಿನಲ್ಲಿ ಇದನ್ನು ಚಿತ್ರಸಹಿತ ಪ್ರಕಟಿಸಿತು. ಅದರಿಂದ ಪ್ರೇರಿತನಾದ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯ 1814ರಲ್ಲಿ ಲಂಡನ್ನಿನಲ್ಲಿ ಅದೇ ಕ್ರಮವನ್ನು ಅನುಸರಿಸಿದ. ಇಡೀ ಕೌಶಲದ ಗುಟ್ಟು ಹುಬ್ಬುಗಳ ನಡುವಿನ ಒಂದು ಕಿರಿದಾದ ಚರ್ಮದ ಪಟ್ಟಿಯಲ್ಲಿತ್ತು. ಅದನ್ನು ಕತ್ತರಿಸದೆ ಹಾಗೆಯೇ ಬಿಟ್ಟಿದ್ದರು. ರಕ್ತ ಅದರ ಮೂಲಕ ಹರಿಯುತ್ತಿತ್ತು. ಮೂಗು ನೆಲೆನಿಂತ ಮೇಲೆ ಪಟ್ಟಿಯನ್ನು ಕತ್ತರಿಸಿದರು. 

ಮೂಗಿಗೆ ಒದಗಿದ ಈ ತತ್ತ್ವ ಕಾಲಿಗೆ ಒದಗಲು ಬಹಳ ಕಾಲ ಬೇಕಾಯಿತು. ಮುಖದಲ್ಲಿ ರಕ್ತ ಯಥೇಚ್ಛ. ಕಾಲಿನಲ್ಲಿ ಯಾವ ಚರ್ಮಕ್ಕೆ ಯಾವ ನಾಳ ಉಣಿಸುತ್ತದೆ ಎಂಬ ಭೂಪಟವಿಲ್ಲದೆ ಬಾಗಿಸಿದರೆ ಬಳ್ಳಿ ಒಣಗುತ್ತದೆ. ಆ ಭೂಪಟವನ್ನು ಮೊದಲು ಬರೆದವನು ಕಾರ್ಲ್ ಮ್ಯಾಂಚೊ ಎಂಬ ಒಬ್ಬ ವೈದ್ಯಕೀಯ ವಿದ್ಯಾರ್ಥಿ. 1889ರಲ್ಲಿ ಪ್ರಕಟವಾದ ಅವನ ಪುಸ್ತಕ ಮನುಷ್ಯನ ಚರ್ಮದ ಧಮನಿಗಳನ್ನು ಕುರಿತದ್ದು. ಕ್ಷಕಿರಣ ಪತ್ತೆಯಾದದ್ದು 1895ರಲ್ಲಿ; ಈ ಹುಡುಗ ಬರಿಯ ಕತ್ತರಿ, ಚಿಮುಟ ಹಿಡಿದು ಶವಗಳಲ್ಲಿ ನಾಳಗಳನ್ನು ಹಿಂಬಾಲಿಸಿದ್ದ. ಅವನ ಕೃತಿ ದಶಕಗಳ ಕಾಲ ಯಾರ ಗಮನಕ್ಕೂ ಬಾರದೆ ಮೂಲೆಯಲ್ಲಿತ್ತು. ಇಂದು ಫ್ಲ್ಯಾಪ್ ಮಾಡುವವರೆಲ್ಲರೂ ಅವನು ತೊಡಗಿಸಿದ ಭೂಪಟವನ್ನೇ ಮುಂದುವರಿಸಿದ್ದಾರೆ. ವಿದ್ಯಾರ್ಥಿಯ ಶ್ರಮ ಎಂದು ಯಾರಾದರೂ ಕಡೆಗಣಿಸಿದರೆ ಈ ಹೆಸರು ಹೇಳಿ. 

ಭೂಪಟವನ್ನು ಕಾಲಿಗೆ ಅನ್ವಯಿಸೋಣ. ಮೊಣಕಾಲಿನಿಂದ ಪಾದದ ಗಿಣ್ಣಿನವರೆಗೆ ಮೂರು ಪಾಲು ಮಾಡಿ. ಮೇಲಿನ ಪಾಲಿನಲ್ಲಿ ಮೂಳೆ ಬಯಲಾದರೆ ಮೀನಖಂಡದ ಹೊರಗಿನ ಸ್ನಾಯುವಿನ ಒಂದು ಅರ್ಧವನ್ನು ಮುಂದಕ್ಕೆ ತಿರುಗಿಸಿ ಮುಚ್ಚಬಹುದು. ನಡುವಿನ ಪಾಲಿಗೆ ಅದರ ಒಳಗಿರುವ ‘ಸೋಲಿಯಸ್’ ಸ್ನಾಯು ಒದಗುತ್ತದೆ. ರಾಲ್ಫ್ ಗೆರ್ ಎಂಬ ಶಸ್ತ್ರವೈದ್ಯರು 1960ರ ದಶಕದಲ್ಲಿ ಇಂತಹ ಸ್ನಾಯುಗಳನ್ನು ಕಾಲಿನ ಗಾಯಗಳಿಗೆ ಬಳಸಿ ದಾರಿ ತೋರಿದರು. ಸ್ನಾಯುವಿನ ಮೇಲೆ ತೆಳುವಾದ ಕಸಿ ಹೊದಿಸಿದರೆ ಕೆಲಸ ಪೂರ್ಣ. ಉಳಿದ ಸ್ನಾಯುಗಳು ನಡಿಗೆಯ ಹೊಣೆ ಹೊತ್ತುಕೊಳ್ಳುತ್ತವೆ.

ಸ್ವೀಡನ್ನಿನ ಬೆಂಗ್ಟ್ ಪಾಂಟೆನ್ 1981ರಲ್ಲಿ ಇನ್ನೊಂದು ಮಾತು ಹೇಳಿದರು: ಚರ್ಮದ ಜೊತೆಗೆ ಅದರಡಿಯ ಫ್ಯಾಸಿಯಾ ಪೊರೆಯನ್ನೂ ಸೇರಿಸಿ ಎಬ್ಬಿಸಿದರೆ ಕಾಲಿನಲ್ಲಿಯೂ ಉದ್ದನೆಯ ಫ್ಲ್ಯಾಪ್ ಬದುಕುತ್ತದೆ. ಪೊರೆಯ ಮೇಲೆ ಹಬ್ಬಿರುವ ಸೂಕ್ಷ್ಮ ನಾಳಗಳ ಜಾಲವೇ ಅದಕ್ಕೆ ಕಾರಣ. ನಮ್ಮ ವಿಷಯದ ಕಷ್ಟ ಇಲ್ಲಿ ಕಾಣುತ್ತದೆ. ಅಪಘಾತದ ಗಾಯದಲ್ಲಿ ಪಕ್ಕದ ಪೊರೆ ಉಳಿದಿರಬಹುದು. ಪೊರೆಯನ್ನೇ ತಿಂದುಹಾಕುವ ಸೋಂಕಿನಲ್ಲಿ ಪಕ್ಕದ ಚರ್ಮವೂ ನಂಬಿಕೆಗೆ ಅರ್ಹವಾಗಿರುವುದಿಲ್ಲ. ಮೇಲಾಗಿ ಕೆಳಗಿನ ಮೂರನೆಯ ಪಾಲಿನಲ್ಲಿ ತಿರುಗಿಸಲು ಸ್ನಾಯುವೇ ಇಲ್ಲ. ಮೊದಲ ಪರೀಕ್ಷೆಯ ಮೂರನೆಯ ಸ್ಪರ್ಶದಲ್ಲಿ ನೀವೇ ಅದನ್ನು ಕಂಡಿರಿ. ಆಗ ದೂರದಿಂದ ತರಬೇಕಾಗುತ್ತದೆ.

ಕೂದಲಿಗಿಂತ ತೆಳುವಾದ ದಾರ

ದೂರದಿಂದ ತರುವುದೆಂದರೆ ಬಳ್ಳಿಯನ್ನು ಬೇರು, ಮಣ್ಣು ಸಮೇತ ಕಿತ್ತು ಹೊಸ ಜಾಗದಲ್ಲಿ ನೆಟ್ಟು, ಅಲ್ಲಿಯ ನಲ್ಲಿಗೆ ಕೊಳವೆ ಜೋಡಿಸಿದಂತೆ. ತೊಡೆಯ ಅಥವಾ ಬೆನ್ನಿನ ಒಂದು ಭಾಗವನ್ನು ಅದರ ಧಮನಿ ಮತ್ತು ಅಭಿಧಮನಿಯ ಸಹಿತ ಪೂರ್ತಿ ಬೇರ್ಪಡಿಸಿ, ಕಾಲಿನ ಆರೋಗ್ಯವಂತ ನಾಳಗಳಿಗೆ ಹೊಲಿಯುತ್ತಾರೆ. ನಾಳದ ವ್ಯಾಸ ಒಂದರಿಂದ ಮೂರು ಮಿಲಿಮೀಟರ್. ಹೊಲಿಯುವ ದಾರ ತಲೆಗೂದಲಿಗಿಂತ ತೆಳು.

ಇದರ ಹಿಂದೆ ಹಲವರ ಕೈಗಳಿವೆ. ಫ್ರಾನ್ಸಿನ ಅಲೆಕ್ಸಿಸ್ ಕ್ಯಾರೆಲ್ 1902ರಲ್ಲಿ ರಕ್ತನಾಳಗಳನ್ನು ಹೊಲಿಯುವ ವಿಧಾನ ಪ್ರಕಟಿಸಿ, 1912ರಲ್ಲಿ ನೊಬೆಲ್ ಬಹುಮಾನ ಪಡೆದರು. ಲಿಯಾನ್ ನಗರದ ಕಸೂತಿ ಹೆಂಗಸೊಬ್ಬರಿಂದ ಅವರು ನಯವಾದ ಹೊಲಿಗೆ ಕಲಿತರೆಂದು ಹೇಳುತ್ತಾರೆ. 1960ರಲ್ಲಿ ಜೇಕಬ್ಸನ್ ಮತ್ತು ಸುವಾರೆಜ್ ಸೂಕ್ಷ್ಮದರ್ಶಕದ ಕೆಳಗೆ ಸಣ್ಣ ನಾಳಗಳನ್ನು ಹೊಲಿದು ತೋರಿಸಿದರು. 1973ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ಇಯಾನ್ ಟೇಲರ್ ಮತ್ತು ರಾಲಿನ್ ಡೇನಿಯಲ್ ತೊಡೆಸಂದಿನ ಚರ್ಮವನ್ನು ರೋಗಿಯೊಬ್ಬರ ಕೆಳಗಾಲಿಗೆ ಹೀಗೆ ಸಾಗಿಸಿದ ವರದಿ ಪ್ರಕಟವಾಯಿತು.

ಹೊಲಿಗೆ ಮುಗಿದ ಮೇಲೂ ಆತಂಕ ಮುಗಿಯದು. ಮುಂದಿನ ಎರಡು ಮೂರು ದಿನ ಹಗಲಿರುಳು ಫ್ಲ್ಯಾಪ್‌ನ ಬಣ್ಣ, ಬಿಸಿ ನೋಡುತ್ತಲೇ ಇರಬೇಕು. ಬಿಳಿಚಿಕೊಂಡು ತಣ್ಣಗಾದರೆ ಧಮನಿಯಲ್ಲಿ ಅಡ್ಡಿ; ನೀಲಿಯಾಗಿ ಊದಿದರೆ ಅಭಿಧಮನಿಯಲ್ಲಿ ಅಡ್ಡಿ. ತಕ್ಷಣ ತೆರೆದು ಸರಿಪಡಿಸಿದರೆ ಉಳಿದೀತು. ಹೊರಹೋಗದೆ ನಿಂತ ರಕ್ತವನ್ನು ಹೀರಲು ಆಧುನಿಕ ಆಸ್ಪತ್ರೆಗಳಲ್ಲಿಯೂ ಕೆಲವೊಮ್ಮೆ ಜಿಗಣೆ ಬಳಸುವುದುಂಟು. ಸುಶ್ರುತ ಸಂಹಿತೆ ಜಿಗಣೆಗಳಿಗಾಗಿ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದೆ. 

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಎಲ್ಲ ಕಾಲುಗಳನ್ನೂ ಉಳಿಸಲಾಗುವುದಿಲ್ಲ. ಮುಖ್ಯ ಧಮನಿಗಳೇ ಮುಚ್ಚಿಹೋಗಿದ್ದರೆ, ಪಾದ ಪೂರ್ತಿ ಸತ್ತಿದ್ದರೆ, ಅಥವಾ ಸೋಂಕು ಜೀವಕ್ಕೇ ಎರವಾಗುತ್ತಿದ್ದರೆ ಕಾಲನ್ನು ತೆಗೆಯುವುದೇ ಸರಿಯಾದ ಚಿಕಿತ್ಸೆ. ಅದು ವೈದ್ಯರ ಸೋಲೂ ಅಲ್ಲ, ರೋಗಿಯ ಪಾಪವೂ ಅಲ್ಲ. ಒಳ್ಳೆಯ ಕೃತಕ ಕಾಲಿನಿಂದ ದುಡಿದು ಬದುಕುವವರು ನಮ್ಮ ನಡುವೆ ಇದ್ದಾರೆ, 1968ರಲ್ಲಿ ಡಾ. ಪಿ. ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮಾ ರೂಪಿಸಿದ ‘ಜೈಪುರ ಕಾಲು’ ನಿಮಗೆ ಗೊತ್ತೇ ಇದೆ.

ನಿಂತ ಮೇಲೆ

ಹೊದಿಕೆ ಅಂಟಿದ ಕಾಲನ್ನು ಕೂಡಲೇ ಕೆಳಗಿಳಿಸುವಂತಿಲ್ಲ. ಯಾಕೆಂದು ಲೆಕ್ಕದಿಂದಲೇ ತಿಳಿಯಬಹುದು. ನಿಂತಾಗ ಹೃದಯದಿಂದ ಪಾದದ ಗಿಣ್ಣಿಗೆ ಸುಮಾರು 1.2 ಮೀಟರ್ ಎತ್ತರದ ರಕ್ತದ ಕಂಬವಿರುತ್ತದೆ. ಸಾಂದ್ರತೆ, ಗುರುತ್ವ, ಎತ್ತರ ಈ ಮೂರನ್ನೂ ಗುಣಿಸಿದರೆ ಪಾದರಸದ ಸುಮಾರು 90 ಮಿಲಿಮೀಟರಿನಷ್ಟು ಒತ್ತಡ ಬರುತ್ತದೆ. ಎಳೆಯ ಲೋಮನಾಳಗಳು ಅದನ್ನು ತಾಳಲಾರವು. ಆದ್ದರಿಂದ ಮೊದಲು ಕಾಲನ್ನು ದಿಂಬಿನ ಮೇಲೆ ಎತ್ತರಿಸಿಡುತ್ತಾರೆ. ಅನಂತರ ಕೆಲವು ನಿಮಿಷ ಇಳಿಬಿಡುವುದು, ಮತ್ತೆ ಎತ್ತುವುದು, ದಿನದಿಂದ ದಿನಕ್ಕೆ ಸಮಯ ಹೆಚ್ಚಿಸುವುದು. ಬಿಗಿಪಟ್ಟಿ ಸುತ್ತಿ ನಡೆಸುವುದು ಆಮೇಲೆ.

ಮಲಗಿದ್ದವರ ಪಾದ ಮುಂದಕ್ಕೆ ಬಾಗಿ ಹಾಗೆಯೇ ಬಿಗಿದುಕೊಂಡರೆ, ಚರ್ಮ ಉಳಿದೂ ನಡಿಗೆ ಉಳಿಯದು. ಆದ್ದರಿಂದ ಪಾದ ಕಾಲಿಗೆ ಲಂಬಕೋನದಲ್ಲಿರುವಂತೆ ಪಟ್ಟಿ ಕಟ್ಟಿ, ವ್ಯಾಯಾಮ ಮಾಡಿಸುತ್ತಾರೆ. ಕಸಿಯ ಚರ್ಮಕ್ಕೆ ಬೆವರುಗ್ರಂಥಿಗಳಿಲ್ಲ. ದಿನವೂ ಕೊಬ್ಬರಿ ಎಣ್ಣೆ ಸವರಬೇಕು, ಬಿಸಿಲಿನಿಂದ ಕಾಪಾಡಬೇಕು. ಸ್ಪರ್ಶಜ್ಞಾನವೂ ಕಡಿಮೆ, ಬಿಸಿನೀರನ್ನು ಕೈಯಿಂದ ಮುಟ್ಟಿ ನೋಡಿಯೇ ಕಾಲಿಗೆ ಹಾಕಬೇಕು. ಪಾದಕ್ಕೆ ಮೆತ್ತನೆಯ ರಬ್ಬರಿನ ಎಂ.ಸಿ.ಆರ್. ಚಪ್ಪಲಿ ಒಳ್ಳೆಯದು. ನಮ್ಮ ಗಾಡಿಯವರು ಮತ್ತೆ ಗಾಡಿ ಹಿಡಿಯಲು ವಾರಗಳಲ್ಲ, ತಿಂಗಳುಗಳು ಬೇಕು. ಆ ತಿಂಗಳುಗಳಲ್ಲಿ ಮನೆ ನಡೆಸುವುದು ಹೇಗೆ ಎಂಬುದೂ ಚಿಕಿತ್ಸೆಯ ಭಾಗವೇ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಅರ್ಹ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಪಡಿತರ ಚೀಟಿ, ಆಧಾರ್ ಎಲ್ಲಿವೆ ಎಂದು ಮನೆಯಲ್ಲಿ ಮೊದಲೇ ತಿಳಿದಿರುವುದು ಒಳ್ಳೆಯದು.

ನೀವು ಮಾಡಬಹುದಾದದ್ದು

ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ಅಂದಾಜು ಮಾಡಿತು. ನಿಮ್ಮ ಮನೆಯಲ್ಲಿ ಅಜ್ಜನೋ, ಅತ್ತೆಯೋ, ತಂದೆಯೋ ಆ ಸಂಖ್ಯೆಯಲ್ಲಿ ಒಬ್ಬರಾಗಿರಬಹುದು. ರಾತ್ರಿ ಮಲಗುವ ಮುನ್ನ ಅವರ ಪಾದಗಳನ್ನು ಬೆಳಕಿನಲ್ಲಿ ನೋಡಿ. ಬೆರಳುಗಳ ಸಂದು, ಹಿಮ್ಮಡಿಯ ಬಿರುಕು, ಚಪ್ಪಲಿ ಕಚ್ಚಿದ ಗುರುತು ಇವನ್ನು ಅವರು ಬಗ್ಗಿ ನೋಡಲಾರರು; ನಿಮ್ಮ ಕಣ್ಣು ನೋಡಬಲ್ಲದು. ಬೇಸಿಗೆಯ ಮಧ್ಯಾಹ್ನ ದೇವಸ್ಥಾನದ ಕಾದ ಕಲ್ಲಿನ ಮೇಲೆ ಬರಿಗಾಲಿನ ಪ್ರದಕ್ಷಿಣೆ ಬೇಡ, ಬೆಳಿಗ್ಗೆ ಹೋಗೋಣ ಎಂದು ಹೇಳಿ. ಊತ, ಕೆಂಪು ಕಂಡರೆ ಅದರ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಗಂಟೆ ಬರೆದು, ವೈದ್ಯರ ಬಳಿಗೆ ಹೊರಡಿ. ಗೆರೆ ದಾಟಿ ಕೆಂಪು ಹರಡಿದೆಯೇ ಎಂದು ಅವರಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ. ಗೆರೆ ಎಳೆದು ಮನೆಯಲ್ಲೇ ಕಾಯುತ್ತ ಕೂರಬೇಡಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. 

ಇನ್ನೊಂದು ವಿಷಯವನ್ನು ಮನೆಯ ಹಿರಿಯರೊಡನೆ ಮಾತನಾಡಿ. ಕಣ್ಣಿನ ದಾನದಂತೆ ಚರ್ಮದ ದಾನವೂ ಇದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ 2016ರಲ್ಲಿ ಚರ್ಮನಿಧಿ ಆರಂಭವಾಯಿತು. ಮರಣದ ನಂತರ ಆರು ಗಂಟೆಗಳೊಳಗೆ ತೊಡೆ, ಕಾಲು, ಬೆನ್ನಿನಿಂದ ತೆಳುಪದರವನ್ನಷ್ಟೇ ತೆಗೆಯುತ್ತಾರೆ. ಶರೀರ ವಿಕಾರವಾಗುವುದಿಲ್ಲ, ರಕ್ತದ ಗುಂಪು ಹೊಂದಬೇಕಾಗಿಯೂ ಇಲ್ಲ. ಇನ್ನೊಬ್ಬರ ಚರ್ಮ ಶಾಶ್ವತವಾಗಿ ನಿಲ್ಲದು. ಆದರೆ ಸುಟ್ಟಗಾಯದವರಿಗೆ, ಸ್ವಂತ ಚರ್ಮ ಸಾಲದೆ ದೊಡ್ಡ ಗಾಯದೊಂದಿಗೆ ಹೋರಾಡುವವರಿಗೆ, ಕೆಲವು ವಾರಗಳ ಮಟ್ಟಿಗೆ ಅದು ಮೇಲ್ಛಾವಣಿ. ಆ ಕೆಲವು ವಾರಗಳೇ ಜೀವ ಉಳಿಸುತ್ತವೆ.

ಕಸಿಯಾಗಲಿ, ಸ್ನಾಯುವಿನ ಹೊದಿಕೆಯಾಗಲಿ, ಸೂಕ್ಷ್ಮದರ್ಶಕದ ಕೆಳಗಿನ ಹೊಲಿಗೆಯಾಗಲಿ, ಎಲ್ಲದರ ಹಿಂದೆ ಇರುವ ನಿಯಮ ಒಂದೇ: ರಕ್ತ ಹರಿಯುವಲ್ಲಿ ಮಾತ್ರ ಅಂಗಾಂಶ ಬದುಕುತ್ತದೆ. ಆ ರಕ್ತವನ್ನು ಗಾಯಕ್ಕೆ ತಲುಪಿಸುವ ವಿದ್ಯೆ ಶಸ್ತ್ರವೈದ್ಯರದು. ಆದರೆ ಅವರ ಮುಂದೆ ಬರುವ ಗಾಯ ಒಂದು ಅಂಗೈ ಅಗಲದ್ದೋ ಒಂಬತ್ತು ಅಂಗೈ ಅಗಲದ್ದೋ ಎಂಬುದು ನಿಶ್ಚಯವಾಗುವುದು ಮನೆಯಲ್ಲಿ, ‘ನಾಳೆ ನೋಡೋಣ’ ಎನ್ನುವ ಗಳಿಗೆಯಲ್ಲಿ. ಆ ಗಳಿಗೆಯಲ್ಲಿ ‘ಇವತ್ತೇ ಹೋಗೋಣ’ ಎನ್ನುವ ಧ್ವನಿ ನಿಮ್ಮದಾಗಿರಲಿ.